ಪತ್ರಿಕೋದ್ಯಮ ಓದಬೇಕೆ? ಕಟ್ಟಡ ನೋಡಬೇಡಿ, ವಿಭಾಗ ನೋಡಿ

ದ್ವಿತೀಯ ಪಿಯುಸಿ ಫಲಿತಾಂಶ ಬಂತೆಂದರೆ ಸುದ್ದಿಮನೆಯಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ‘ಮಗಳು ಜರ್ನಲಿಸಂ ಮಾಡ್ತೀನಿ ಅಂತಾಳೆ ಸರ್, ಯಾವ ಯೂನಿವರ್ಸಿಟಿ ಒಳ್ಳೇದು?’ ಕೇಳುವವರಿಗೆ ಬೇಕಿರುವುದು ಒಂದು ಹೆಸರು. ಹೆಸರು ಹೇಳಿ ಫೋನ್ ಇಟ್ಟುಬಿಡಬಹುದು. ಆದರೆ ಮಗುವಿನ ಮೂರು ವರ್ಷ, ಮನೆಯವರ ದುಡ್ಡು ಎರಡೂ ಆ ಹೆಸರಿನ ಮೇಲೆ ನಿಂತಿರುತ್ತವೆ. ಅದಕ್ಕೇ ಈ ಬರಹ.

ಮೊದಲಿಗೆ ಒಂದು ವಿಷಯ ಗೊತ್ತಿರಲಿ. ವಕೀಲಿ ಓದಿಗೆ ಬಾರ್ ಕೌನ್ಸಿಲ್ ಇದೆ, ಎಂಜಿನಿಯರಿಂಗಿಗೆ ಎಐಸಿಟಿಇ ಇದೆ. ಪತ್ರಿಕೋದ್ಯಮ ಕಲಿಸುವ ಕಾಲೇಜುಗಳ ಮೇಲೆ ಕಣ್ಣಿಡಲು ಅಂಥ ಪ್ರತ್ಯೇಕ ಸಂಸ್ಥೆ ಯಾವುದೂ ಇಲ್ಲ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಲ್ಲಿ ವೈದ್ಯಕೀಯ, ಕಾನೂನು, ವಾಸ್ತುಶಿಲ್ಪಕ್ಕೆಲ್ಲ ಬೇರೆ ಬೇರೆ ಪಟ್ಟಿಗಳಿವೆ, ಪತ್ರಿಕೋದ್ಯಮಕ್ಕೆ ಇಲ್ಲ. ನ್ಯಾಕ್ ಕೊಡುವ ‘ಎ ಪ್ಲಸ್’ ಶ್ರೇಣಿ ಇಡೀ ಸಂಸ್ಥೆಗೆ ಸಿಗುವುದು. ಅದರಲ್ಲಿ ರಸಾಯನಶಾಸ್ತ್ರದ ಪ್ರಯೋಗಾಲಯವೂ ಸೇರಿರುತ್ತದೆ, ಆಟದ ಮೈದಾನವೂ ಸೇರಿರುತ್ತದೆ. ಮೂರನೇ ಮಹಡಿಯ ಮೂಲೆಯಲ್ಲಿರುವ ಪತ್ರಿಕೋದ್ಯಮ ವಿಭಾಗ ಹೇಗಿದೆ ಎಂಬುದು ಆ ಅಕ್ಷರದಿಂದ ತಿಳಿಯುವುದಿಲ್ಲ. ಹಾಗಾಗಿ ವಿಭಾಗವನ್ನು ಪರೀಕ್ಷೆ ಮಾಡುವ ಕೆಲಸ ವಿದ್ಯಾರ್ಥಿ ಮತ್ತು ಹೆತ್ತವರ ಮೇಲೆಯೇ ಬೀಳುತ್ತದೆ.

ನಮ್ಮ ಡೆಸ್ಕಿಗೆ ಇಂಟರ್ನ್‌ಶಿಪ್‌ಗೆ ಬರುವ ಮಕ್ಕಳನ್ನು ನೋಡುತ್ತ ನನಗೆ ಗಟ್ಟಿಯಾಗಿರುವ ಅಭಿಪ್ರಾಯ ಒಂದೇ. ವಾರವಾರವೂ ವಿದ್ಯಾರ್ಥಿಯಿಂದ ಬರೆಸುವ, ಬರೆದದ್ದನ್ನು ಕೂತು ತಿದ್ದುವ ಮೇಷ್ಟ್ರು ಇರುವ ವಿಭಾಗವೇ ಒಳ್ಳೆಯ ವಿಭಾಗ. ಅದು ಯಾವ ಊರಲ್ಲಿದೆ, ಸ್ಟುಡಿಯೋಗೆ ಎಷ್ಟು ಖರ್ಚು ಮಾಡಿದ್ದಾರೆ ಎಂಬುದೆಲ್ಲ ಆಮೇಲಿನ ಮಾತು.

ಯಾವ ಭಾಷೆಯಲ್ಲಿ ದುಡಿಯುತ್ತೀರಿ?

ಕಾಲೇಜು ಹುಡುಕುವ ಮುಂಚೆ ಇದನ್ನು ತೀರ್ಮಾನಿಸಿಕೊಳ್ಳಬೇಕು. ಕನ್ನಡ ಪತ್ರಿಕೆ ಅಥವಾ ವಾಹಿನಿಯಲ್ಲಿ ಕೆಲಸ ಮಾಡುವ ಆಸೆ ಇಟ್ಟುಕೊಂಡ ಹುಡುಗ ಬೆಂಗಳೂರಿನ ಇಂಗ್ಲಿಷ್ ಮಾಧ್ಯಮದ ಕಾಲೇಜಿಗೆ ಸೇರಿ ಮೂರು ವರ್ಷ ಇಂಗ್ಲಿಷಿನಲ್ಲೇ ಅಸೈನ್‌ಮೆಂಟ್ ಬರೆದರೆ, ಓದು ಮುಗಿಸಿ ಕನ್ನಡ ಡೆಸ್ಕಿನಲ್ಲಿ ಕೂತಾಗ ಎರಡು ಪ್ಯಾರಾ ಬರೆಯಲು ತಿಣುಕುತ್ತಾನೆ. ನುಡಿ ಕೀಲಿಮಣೆಯಲ್ಲಿ ವೇಗವಾಗಿ ಟೈಪ್ ಮಾಡಲೂ ಬರುವುದಿಲ್ಲ. ಇನ್ನೊಂದು ಕಡೆ, ದೆಹಲಿಯ ಇಂಗ್ಲಿಷ್ ಪತ್ರಿಕೆಯ ಕನಸು ಕಾಣುವ ಹುಡುಗಿ ಪೂರ್ತಿ ಕನ್ನಡದಲ್ಲೇ ಪರೀಕ್ಷೆ ಬರೆದು ಪಾಸಾದರೆ ಅವಳ ದಾರಿಯೂ ದೂರವಾಗುತ್ತದೆ.

ನಮ್ಮ ಸರ್ಕಾರಿ ವಿಶ್ವವಿದ್ಯಾಲಯಗಳ ದೊಡ್ಡ ಅನುಕೂಲ ಇಲ್ಲೇ ಇದೆ. ಕರ್ನಾಟಕದಲ್ಲಿ ಪತ್ರಿಕೋದ್ಯಮ ಪಾಠ ಶುರುವಾದದ್ದು 1951ರಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ. ಅದನ್ನು ಕಟ್ಟಿ ಬೆಳೆಸಿದವರು ಪ್ರೊ. ನಾಡಿಗ ಕೃಷ್ಣಮೂರ್ತಿ. ಇಂದು ಮಾನಸಗಂಗೋತ್ರಿ, ಬೆಂಗಳೂರಿನ ಜ್ಞಾನಭಾರತಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಕೊಣಾಜೆಯ ಮಂಗಳಗಂಗೋತ್ರಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಕಲಬುರಗಿ, ತುಮಕೂರು, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಹೀಗೆ ರಾಜ್ಯದ ಎಲ್ಲ ಭಾಗಗಳಲ್ಲೂ ಸ್ನಾತಕೋತ್ತರ ವಿಭಾಗಗಳಿವೆ. ಕನ್ನಡದಲ್ಲಿ ಕಲಿಯಲು, ಬರೆಯಲು ಇಲ್ಲಿ ಸಿಗುವ ಅವಕಾಶ ದುಬಾರಿ ಖಾಸಗಿ ಸಂಸ್ಥೆಗಳಲ್ಲಿ ಸಿಗುವುದು ಅಪರೂಪ. ನಿಮ್ಮ ವಿಭಾಗದಲ್ಲಿ ಪರೀಕ್ಷೆ ಯಾವ ಮಾಧ್ಯಮದಲ್ಲಿ ಬರೆಯಬಹುದು, ಪ್ರಾಯೋಗಿಕ ಬರವಣಿಗೆ ಯಾವ ಭಾಷೆಯಲ್ಲಿ ಮಾಡಿಸುತ್ತಾರೆ ಎಂದು ಎರಡನ್ನೂ ಬೇರೆ ಬೇರೆಯಾಗಿ ಕೇಳಿ. ಉತ್ತರ ಒಂದೇ ಆಗಿರಬೇಕೆಂದಿಲ್ಲ.

ಊರೂ ಮುಖ್ಯ. ಸ್ಥಳೀಯ ಪತ್ರಿಕೆಗಳು ಜೀವಂತವಾಗಿರುವ ಊರಿನಲ್ಲಿ ಓದುವ ವಿದ್ಯಾರ್ಥಿಗೆ ಎರಡನೇ ವರ್ಷದಲ್ಲೇ ಬೈಲೈನ್ ಸಿಕ್ಕೀತು. ಮೈಸೂರಿನಲ್ಲಿ ‘ಆಂದೋಲನ’, ‘ಮೈಸೂರು ಮಿತ್ರ’ದಂಥ ಪತ್ರಿಕೆಗಳಿವೆ. ಹುಬ್ಬಳ್ಳಿ–ಧಾರವಾಡಕ್ಕೆ ‘ಸಂಯುಕ್ತ ಕರ್ನಾಟಕ’ದ ಪರಂಪರೆ ಇದೆ. ಕರಾವಳಿಗೆ ‘ಉದಯವಾಣಿ’ ಹುಟ್ಟಿದ ಮಣಿಪಾಲ ಇದೆ. ಬೆಂಗಳೂರಿನಲ್ಲಿ ಎಲ್ಲ ಪತ್ರಿಕೆಗಳೂ ವಾಹಿನಿಗಳೂ ಇವೆ, ಜೊತೆಗೆ ಅವಕಾಶಕ್ಕಾಗಿ ಕಾಯುವ ನೂರಾರು ಕಾಲೇಜುಗಳ ಮಕ್ಕಳೂ ಇದ್ದಾರೆ.

ವಿಭಾಗಕ್ಕೆ ಹೋಗಿ ಏನು ನೋಡಬೇಕು?

ಅಡ್ಮಿಷನ್ ಕೌಂಟರಿನಲ್ಲಿ ಕೊಡುವ ಹೊಳಪು ಕಾಗದದ ಪುಸ್ತಿಕೆ ಪಕ್ಕಕ್ಕಿಡಿ. ಮಾಮೂಲಿ ಪಾಠ ನಡೆಯುವ ದಿನ ನೇರ ವಿಭಾಗಕ್ಕೆ ಹೋಗಿ, ಎರಡನೇ ವರ್ಷದ ವಿದ್ಯಾರ್ಥಿಯೊಬ್ಬರನ್ನು ಮಾತಿಗೆ ಎಳೆಯಿರಿ. ‘ಕಳೆದ ತಿಂಗಳು ನೀವು ಬರೆದ ವರದಿ ತೋರಿಸ್ತೀರಾ?’ ಎಂದು ಕೇಳಿ. ತೋರಿಸಲು ಏನೂ ಇಲ್ಲದಿದ್ದರೆ ಬೇರೆ ಕಾಲೇಜು ನೋಡಿ. ಇದ್ದರೆ, ಆ ಹಾಳೆಯ ಅಂಚನ್ನು ನೋಡಿ.

ಹೇಗಿರಬೇಕು ಆ ಅಂಚು? ಒಂದು ಉದಾಹರಣೆ. ಹೊಸಬರು ಬರೆಯುವ ಮೊದಲ ಕಾಪಿ ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ: ‘ಗ್ರಾಮದಲ್ಲಿ ಕುಡಿಯುವ ನೀರಿನ ಸಮಸ್ಯೆ ತಾರಕಕ್ಕೇರಿದ್ದು, ಅಧಿಕಾರಿಗಳ ನಿರ್ಲಕ್ಷ್ಯದಿಂದ ಜನರು ಪರದಾಡುವಂತಾಗಿದೆ.’ ಸೋಮಾರಿ ಮೇಷ್ಟ್ರು ಇದಕ್ಕೆ ಹತ್ತಕ್ಕೆ ಏಳು ಅಂಕ ಕೊಟ್ಟು ಸಹಿ ಹಾಕುತ್ತಾರೆ. ಒಳ್ಳೆಯ ಮೇಷ್ಟ್ರ ಕೆಂಪು ಪೆನ್ನು ‘ತಾರಕಕ್ಕೇರಿದ್ದು’ ಎಂಬುದನ್ನು ಹೊಡೆದುಹಾಕುತ್ತದೆ. ಪಕ್ಕದಲ್ಲಿ ಪ್ರಶ್ನೆಗಳು ಸಾಲುಗಟ್ಟುತ್ತವೆ: ಎಷ್ಟು ಮನೆ? ಎಂದಿನಿಂದ? ಬೋರ್‌ವೆಲ್ ಎಷ್ಟು, ಅದರಲ್ಲಿ ಕೆಟ್ಟದ್ದು ಎಷ್ಟು? ಟ್ಯಾಂಕರ್ ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಪಿಡಿಒ ಏನಂದರು? ‘ನಿರ್ಲಕ್ಷ್ಯ’ ಅಂತ ಹೇಳಿದವರು ಯಾರು, ನೀನೋ ಊರವರೋ? ನೀರು ತರುವ ಹೆಂಗಸೊಬ್ಬರನ್ನಾದರೂ ಮಾತಾಡಿಸಿದ್ದೀಯಾ? ಆಮೇಲೆ ಅದೇ ವರದಿಯನ್ನು ಹುಡುಗ ಮತ್ತೆ ಬರೆದು ತರಬೇಕು. ಎರಡನೇ ಸಲ ಬರೆದದ್ದು ಹೀಗಿರುತ್ತದೆ: ‘ಊರಿನ ಮೂರು ಬೋರ್‌ವೆಲ್‌ಗಳಲ್ಲಿ ಎರಡು ಯುಗಾದಿಗೂ ಮೊದಲೇ ಬತ್ತಿವೆ. ಉಳಿದ ಒಂದರ ಮುಂದೆ ಬೆಳಗಿನ ಜಾವ ನಾಲ್ಕಕ್ಕೇ ಕೊಡಗಳ ಸಾಲು.’ ಎರಡಕ್ಕೂ ನಡುವೆ ಇರುವ ವ್ಯತ್ಯಾಸವೇ ಪತ್ರಿಕೋದ್ಯಮ ಶಿಕ್ಷಣ. ಇದು ಪಠ್ಯಪುಸ್ತಕದಿಂದ ಬರುವುದಿಲ್ಲ, ಇದನ್ನು ಮಾಡಿಸುವ ಮನುಷ್ಯರು ಬೇಕು.

ಆದ್ದರಿಂದ ಮೇಷ್ಟ್ರುಗಳ ವಿಚಾರ ಬಿಚ್ಚಿ ಕೇಳಿ. ಕಾಯಂ ಬೋಧಕರು ಎಷ್ಟು ಮಂದಿ, ಅತಿಥಿ ಉಪನ್ಯಾಸಕರು ಎಷ್ಟು? ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧಕರ ಹುದ್ದೆಗಳು ದೊಡ್ಡ ಸಂಖ್ಯೆಯಲ್ಲಿ ಖಾಲಿ ಬಿದ್ದಿವೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅತಿಥಿ ಉಪನ್ಯಾಸಕರು ಎಂದ ಮಾತ್ರಕ್ಕೆ ಮೂಗು ಮುರಿಯಬೇಡಿ. ಕಡಿಮೆ ಸಂಬಳಕ್ಕೆ ದುಡಿಯುತ್ತಲೇ ವಿಭಾಗವನ್ನು ಹೆಗಲ ಮೇಲೆ ಹೊತ್ತವರು ಅವರಲ್ಲಿ ಬಹಳ ಮಂದಿ ಇದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಇಡೀ ವಿಭಾಗವೇ ವರ್ಷವರ್ಷ ಬದಲಾಗುವ ಅತಿಥಿಗಳ ಮೇಲೆ ನಿಂತಿದ್ದರೆ ಎರಡು ವರ್ಷ ಹಿಂಬಾಲಿಸಿ ತಿದ್ದುವವರು ಯಾರು? ಬೋಧಕರಲ್ಲಿ ಒಬ್ಬಿಬ್ಬರಾದರೂ ಸುದ್ದಿಮನೆಯಲ್ಲಿ ಕೆಲಸ ಮಾಡಿದವರು ಇರಬೇಕು. ಎಲ್ಲರೂ ಪತ್ರಕರ್ತರೇ ಆಗಬೇಕಿಲ್ಲ. ಸಂವಹನ ಸಿದ್ಧಾಂತ, ಸಂಶೋಧನೆ ಕಲಿಸಲು ಅದನ್ನೇ ಓದಿದವರು ಬೇಕು.

ಸರ್ಕಾರಿ ವಿಶ್ವವಿದ್ಯಾಲಯ ಈ ಮಾಹಿತಿ ಕೊಡಲು ಸತಾಯಿಸಿದರೆ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು. ಪತ್ರಕರ್ತರಾಗುವವರು ಹೇಗಿದ್ದರೂ ಕಲಿಯಲೇಬೇಕಾದ ಕೆಲಸ ಇದು. ಫಲಿತಾಂಶ ಬರುವ ಮುಂಚೆಯೇ ಅರ್ಜಿ ಹಾಕಿದರೆ ಪ್ರವೇಶದ ಹೊತ್ತಿಗೆ ಉತ್ತರ ಕೈಯಲ್ಲಿರುತ್ತದೆ.

ಎರಡನೆಯದಾಗಿ, ವಿಭಾಗದ ವಿದ್ಯಾರ್ಥಿಗಳು ಹೊರತರುವ ಪ್ರಾಯೋಗಿಕ ಪತ್ರಿಕೆ ಕೇಳಿ. ಎಲ್ಲರೂ ‘ಇದೆ’ ಎನ್ನುತ್ತಾರೆ. ಹಿಂದಿನ ಎರಡು ವರ್ಷದ ಸಂಚಿಕೆಗಳನ್ನು ಮೇಜಿನ ಮೇಲಿಡಲು ಹೇಳಿ. ತಿಂಗಳಿಗೊಂದು ಬಂದಿದೆಯೋ, ನ್ಯಾಕ್ ತಂಡ ಬರುವ ಮುಂಚೆ ಒಟ್ಟಿಗೆ ನಾಲ್ಕು ಅಚ್ಚಾಗಿವೆಯೋ ದಿನಾಂಕ ನೋಡಿದರೆ ತಿಳಿಯುತ್ತದೆ. ಮುಖಪುಟದಲ್ಲಿ ಕುಲಪತಿಗಳ ಭಾಷಣ, ಒಳಪುಟದಲ್ಲಿ ವಾರ್ಷಿಕೋತ್ಸವದ ಫೋಟೋ ಇದ್ದರೆ ಅದು ಕಾಲೇಜಿನ ಪ್ರಚಾರಪತ್ರ. ಊರಿನ ಮಾರುಕಟ್ಟೆ, ಬಸ್ ನಿಲ್ದಾಣ, ಜಿಲ್ಲಾಸ್ಪತ್ರೆ, ಪಕ್ಕದ ಹಳ್ಳಿಯ ಸುದ್ದಿ ಇದ್ದರೆ, ಅದರಲ್ಲೂ ಹಾಸ್ಟೆಲ್ ಊಟದ ಬಗ್ಗೆ ವಿದ್ಯಾರ್ಥಿ ಬರೆದ ದೂರು ಅಚ್ಚಾಗಿದ್ದರೆ, ಆ ವಿಭಾಗದಲ್ಲಿ ಬೆನ್ನುಮೂಳೆ ಇದೆ ಎಂದರ್ಥ.

ಮೂರನೆಯದು ಕ್ಯಾಮೆರಾ. ಎಷ್ಟಿವೆ ಎಂದು ಕೇಳಬೇಡಿ, ವಿದ್ಯಾರ್ಥಿಗಳಿಗೆ ಕೊಡುವ ರಿಜಿಸ್ಟರ್ ಇದೆಯೇ ಎಂದು ಕೇಳಿ. ಬೀರುವಿನಲ್ಲಿ ಬೀಗ ಹಾಕಿಟ್ಟು, ಕೀಲಿ ಅಟೆಂಡರ್ ಬಳಿ, ಅಟೆಂಡರ್ ರಜೆಯಲ್ಲಿ. ಇದು ಬಹಳ ಕಡೆ ಇರುವ ಪರಿಸ್ಥಿತಿ. ಶನಿವಾರ ಒಯ್ದು ಸೋಮವಾರ ಮರಳಿಸಬಹುದೇ? ಎಡಿಟಿಂಗ್ ಕೋಣೆ ಸಂಜೆ ಐದರ ಮೇಲೆ ತೆರೆದಿರುತ್ತದೆಯೇ? ಕ್ಯಾಂಪಸ್ಸಿನಲ್ಲಿ ಸಮುದಾಯ ಬಾನುಲಿ ಇದ್ದರಂತೂ ಬಹಳ ಒಳ್ಳೆಯದು. ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಯ ರೇಡಿಯೋ ಸಾರಂಗ್, ತುಮಕೂರಿನ ರೇಡಿಯೋ ಸಿದ್ಧಾರ್ಥ, ಮಣಿಪಾಲದ ರೇಡಿಯೋ ಮಣಿಪಾಲ್ ಇಂಥವು. ಬಾನುಲಿಯಲ್ಲಿ ಮೈಕ್ ಮುಂದೆ ಕೂತು ಮಾತಾಡಿದ ಮಕ್ಕಳ ಬರವಣಿಗೆ ಸರಳವಾಗುವುದನ್ನು ನಾನು ಗಮನಿಸಿದ್ದೇನೆ.

ಪಠ್ಯಕ್ರಮ ಎಷ್ಟು ಹಳೆಯದು ಎಂದು ಕಂಡುಹಿಡಿಯಲು ಸುಲಭ ಉಪಾಯವೊಂದಿದೆ. ಮಾಧ್ಯಮ ಕಾನೂನಿನ ಪತ್ರಿಕೆ ತೆರೆದು ನೋಡಿ. ಭಾರತೀಯ ದಂಡ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಮಾನನಷ್ಟದ ಅಪರಾಧ 499ನೇ ಕಲಮಿನಿಂದ 356ಕ್ಕೆ ಬಂದು ಕೂತಿದೆ. ಬ್ರಿಟಿಷರ ಕಾಲದ, 1867ರ ಪತ್ರಿಕೆ ಮತ್ತು ಪುಸ್ತಕ ನೋಂದಣಿ ಕಾಯ್ದೆ ಹೋಗಿ, 2023ರ ಹೊಸ ಕಾಯ್ದೆ 2024ರ ಮಾರ್ಚ್‌ನಿಂದ ಜಾರಿಯಲ್ಲಿದೆ. ವೈಯಕ್ತಿಕ ದತ್ತಾಂಶ ರಕ್ಷಣೆಗೆಂದೇ 2023ರಲ್ಲಿ ಕಾನೂನಾಗಿದೆ. ಪಠ್ಯದಲ್ಲಿ ಇವು ಇಲ್ಲವೇ ಇಲ್ಲ ಎಂದಾದರೆ ಉಳಿದ ಪತ್ರಿಕೆಗಳನ್ನೂ ಯಾರೂ ಮುಟ್ಟಿಲ್ಲ ಎಂದೇ ತಿಳಿಯಿರಿ. ಸುಳ್ಳು ಸುದ್ದಿ ಪತ್ತೆ, ಅಂಕಿಅಂಶ ಓದುವುದು, ಬಜೆಟ್ ದಾಖಲೆ ಬಿಡಿಸುವುದು, ಮೊಬೈಲಿನಲ್ಲಿ ವರದಿಗಾರಿಕೆ, ಕೃತಕ ಬುದ್ಧಿಮತ್ತೆಯ ಬಳಕೆಯಲ್ಲಿ ಎಚ್ಚರ ಇವನ್ನೂ ಹುಡುಕಿ. ಪಠ್ಯದಲ್ಲಿ ಇದ್ದರಷ್ಟೇ ಸಾಲದು, ಕಲಿಸುವವರು ಯಾರೆಂದು ಹೆಸರು ಕೇಳಿ.

ಹಾಸ್ಟೆಲ್ ಬಗ್ಗೆ ಹೆತ್ತವರಿಗೊಂದು ಮಾತು. ಹೆಣ್ಣುಮಕ್ಕಳ ಹಾಸ್ಟೆಲ್ ಬಾಗಿಲು ಸಂಜೆ ಆರೂವರೆಗೆ ಮುಚ್ಚುವ ಕಡೆ, ಸಂಜೆಯ ಸಭೆ, ನಾಟಕ, ಪ್ರತಿಭಟನೆ ಯಾವುದನ್ನೂ ಅವರು ವರದಿ ಮಾಡಲಾಗದು. ಅದೇ ತರಗತಿಯ ಹುಡುಗರು ಎಲ್ಲವನ್ನೂ ಮಾಡುತ್ತಾರೆ. ವಿಭಾಗದ ಚೀಟಿ ತೋರಿಸಿದರೆ ತಡವಾಗಿ ಬರಲು ಬಿಡುತ್ತಾರೆಯೇ, ವಾಪಸು ಬರಲು ವಾಹನವಿದೆಯೇ ಎಂದು ವಾರ್ಡನ್ ಬಳಿ ಕೇಳಿ. ಸುರಕ್ಷತೆಯೂ ಬೇಕು, ಕಲಿಕೆಯೂ ಬೇಕು. ಎರಡನ್ನೂ ಒಟ್ಟಿಗೆ ನಿಭಾಯಿಸಿರುವ ಕಾಲೇಜುಗಳು ಇವೆ, ಅಂಥದ್ದನ್ನೇ ಆರಿಸಿ.

ಪ್ಲೇಸ್‌ಮೆಂಟ್ ಪಟ್ಟಿಯನ್ನು ಶೇಕಡಾವಾರು ಲೆಕ್ಕದಲ್ಲಿ ಒಪ್ಪಿಕೊಳ್ಳಬೇಡಿ. ಜಾಹೀರಾತು ಏಜೆನ್ಸಿ, ಪಿಆರ್ ಕಂಪನಿ, ಐಟಿ ಕಂಪನಿಯ ಕಂಟೆಂಟ್ ಬರಹ ಎಲ್ಲವೂ ಅದರಲ್ಲಿ ಸೇರಿರುತ್ತದೆ. ಅವೂ ಗೌರವದ ಕೆಲಸಗಳೇ, ಆದರೆ ವರದಿಗಾರರಾಗಬೇಕೆಂದು ಸೇರುವವರಿಗೆ ಆ ಲೆಕ್ಕ ಉಪಯೋಗವಿಲ್ಲ. ಎರಡು ವರ್ಷದ ಹಿಂದೆ ಪಾಸಾದ ಮೂವರ ನಂಬರ್ ಇಸಿದುಕೊಂಡು ಮಾತಾಡಿ. ಇಂಟರ್ನ್‌ಶಿಪ್ ಕಾಲೇಜೇ ಕೊಡಿಸಿತೋ, ತಾವೇ ಹುಡುಕಿಕೊಂಡರೋ? ಅಲ್ಲಿ ಕೆಲಸ ಕೊಟ್ಟರೋ, ತಿಂಗಳಿಡೀ ಕೂರಿಸಿ ಸರ್ಟಿಫಿಕೇಟ್ ಕೊಟ್ಟು ಕಳಿಸಿದರೋ?

ಪದವಿಗೋ, ಸ್ನಾತಕೋತ್ತರಕ್ಕೋ?

ಪತ್ರಕರ್ತರಾಗಲು ಈ ದೇಶದಲ್ಲಿ ಪತ್ರಿಕೋದ್ಯಮದ ಪದವಿಯೇ ಇರಬೇಕೆಂಬ ಕಾನೂನಿಲ್ಲ. 1980ರಲ್ಲಿ ‘ಲಂಕೇಶ್ ಪತ್ರಿಕೆ’ ಆರಂಭಿಸಿದ ಪಿ. ಲಂಕೇಶ್ ಇಂಗ್ಲಿಷ್ ಅಧ್ಯಾಪಕರಾಗಿದ್ದವರು. ನಾಗೇಶ ಹೆಗಡೆ ಭೂವಿಜ್ಞಾನ, ಪರಿಸರ ವಿಜ್ಞಾನ ಓದಿ ‘ಪ್ರಜಾವಾಣಿ’ಗೆ ಬಂದರು. ಪಿ. ಸಾಯಿನಾಥ್ ಓದಿದ್ದು ಇತಿಹಾಸ, ಜೆಎನ್‌ಯುನಲ್ಲಿ. ಇವರ ಬರವಣಿಗೆಗೆ ಬಲ ಬಂದದ್ದು ಆಯಾ ವಿಷಯದ ಆಳವಾದ ತಿಳಿವಳಿಕೆಯಿಂದ.

ಅದಕ್ಕೇ ನನ್ನ ಸಲಹೆ: ಪದವಿಯಲ್ಲಿ ಬರೀ ಪತ್ರಿಕೋದ್ಯಮ ಓದುವುದಕ್ಕಿಂತ ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಇತಿಹಾಸ, ಕಾನೂನು, ವಿಜ್ಞಾನ ಯಾವುದಾದರೊಂದನ್ನು ಗಟ್ಟಿಯಾಗಿ ಓದಿ, ಸ್ನಾತಕೋತ್ತರದಲ್ಲಿ ಪತ್ರಿಕೋದ್ಯಮಕ್ಕೆ ಬನ್ನಿ. ಪದವಿಯಲ್ಲೇ ಬೇಕೆಂದರೆ, ಬಿಎಯಲ್ಲಿ ಪತ್ರಿಕೋದ್ಯಮದ ಜೊತೆ ಅರ್ಥಶಾಸ್ತ್ರವೋ ಐಚ್ಛಿಕ ಕನ್ನಡವೋ ಸೇರಿರುವ ಕಾಂಬಿನೇಷನ್ ಹುಡುಕಿ. ರಾಜ್ಯದಲ್ಲಿ ಎನ್‌ಇಪಿಯ ನಾಲ್ಕು ವರ್ಷದ ಪದವಿ ಕೈಬಿಟ್ಟು 2024–25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದಾರೆ. ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ ಕೋರ್ಸೂ ಇರಬಹುದು. ಶುಲ್ಕ ಹೋಲಿಸುವಾಗ ವರ್ಷದ ಲೆಕ್ಕ ಮರೆಯಬೇಡಿ.

ಡಿಪ್ಲೊಮಾ ಮತ್ತು ಸ್ನಾತಕೋತ್ತರ ಪದವಿಯ ಗೊಂದಲದಿಂದ ಬಹಳ ಮಂದಿ ಆಮೇಲೆ ಪರಿತಪಿಸುತ್ತಾರೆ. ಏಷ್ಯನ್ ಕಾಲೇಜ್ ಆಫ್ ಜರ್ನಲಿಸಂ 1994ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿ, 2000ದಲ್ಲಿ ಚೆನ್ನೈಗೆ ಹೋದ ಸಂಸ್ಥೆ. ಅಲ್ಲಿಯ ಒಂದು ವರ್ಷದ ತರಬೇತಿಗೆ ಇಂಗ್ಲಿಷ್ ಸುದ್ದಿಮನೆಗಳಲ್ಲಿ ಒಳ್ಳೆಯ ಹೆಸರಿದೆ, ಆದರೆ ಅದು ಡಿಪ್ಲೊಮಾ. 1965ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ಭಾರತೀಯ ಸಮೂಹ ಸಂವಹನ ಸಂಸ್ಥೆ, ಅಂದರೆ ಐಐಎಂಸಿ ಕೂಡ ದಶಕಗಳ ಕಾಲ ಡಿಪ್ಲೊಮಾ ಕೊಡುತ್ತಿತ್ತು. 2024ರಲ್ಲಿ ಅದಕ್ಕೆ ಪದವಿ ಕೊಡಬಲ್ಲ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿದೆ. ವಾಹಿನಿಗಳು ತಾವೇ ನಡೆಸುವ ಕೋರ್ಸ್‌ಗಳೂ ಬಹುಪಾಲು ಡಿಪ್ಲೊಮಾಗಳೇ. ಕೆಲಸ ಕಲಿಯಲು ಡಿಪ್ಲೊಮಾ ಸಾಕು. ಆದರೆ ಮುಂದೆ ಯುಜಿಸಿ ನೆಟ್ ಅಥವಾ ಕೆ–ಸೆಟ್ ಬರೆದು ಅಧ್ಯಾಪಕರಾಗುವ ಯೋಚನೆ ಇದ್ದರೆ ಸ್ನಾತಕೋತ್ತರ ಪದವಿಯೇ ಬೇಕು, ಅದರಲ್ಲಿ ಸಾಮಾನ್ಯ ವರ್ಗದವರಿಗೆ ಶೇ 55, ಮೀಸಲಾತಿ ವರ್ಗದವರಿಗೆ ಶೇ 50 ಅಂಕ ಬೇಕು. ಈ ವೃತ್ತಿಯಲ್ಲಿ ಹತ್ತು ವರ್ಷ ದುಡಿದ ಮೇಲೆ ಬೋಧನೆಗೆ ಹೋಗಬೇಕೆನಿಸುವುದು ಸಹಜ, ಬಾಗಿಲು ಮುಚ್ಚಿಕೊಳ್ಳಬೇಡಿ.

ಮಾನ್ಯತೆ, ದುಡ್ಡು

ಯುಜಿಸಿ ಜಾಲತಾಣದಲ್ಲಿ ಮಾನ್ಯತೆ ಪಡೆದ ವಿಶ್ವವಿದ್ಯಾಲಯಗಳ ಪಟ್ಟಿ ಇದೆ, ನಕಲಿಗಳ ಪಟ್ಟಿಯೂ ಇದೆ. ಎರಡನ್ನೂ ನೋಡಿ. ಬೇರೆ ರಾಜ್ಯದ ಖಾಸಗಿ ವಿಶ್ವವಿದ್ಯಾಲಯದ ಹೆಸರಿನಲ್ಲಿ ನಿಮ್ಮೂರಿನ ಮಳಿಗೆಯೊಂದರ ಮೇಲೆ ನಡೆಯುವ ‘ಸ್ಟಡಿ ಸೆಂಟರ್’ಗೆ ಹೋಗಲೇಬೇಡಿ. ದೂರಶಿಕ್ಷಣವಾದರೆ ಆ ವರ್ಷಕ್ಕೆ, ಆ ಕೋರ್ಸ್‌ಗೇ ಯುಜಿಸಿಯ ದೂರಶಿಕ್ಷಣ ಬ್ಯೂರೋದ ಅನುಮತಿ ಇದೆಯೇ ನೋಡಬೇಕು. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ ಯುಜಿಸಿ ಮಾನ್ಯತೆ ಇಲ್ಲದೆ ಹೋದ ವರ್ಷಗಳಲ್ಲಿ ಅಲ್ಲಿ ಓದಿದವರು ಎಷ್ಟು ಪರದಾಡಿದರು ಎಂಬುದು ನಮ್ಮ ಪತ್ರಿಕೆಗಳಲ್ಲೇ ದಾಖಲಾಗಿದೆ. 2018ರಲ್ಲಿ ಮಾನ್ಯತೆ ಮರಳಿತು. ಕೆಲಸ ಮಾಡುತ್ತಲೇ ಓದಬೇಕಾದ ತಾಲ್ಲೂಕು ವರದಿಗಾರರಿಗೆ, ಸ್ಟ್ರಿಂಗರ್‌ಗಳಿಗೆ ಈಗ ಅದು ಒಳ್ಳೆಯ ದಾರಿ.

ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ಯುಯುಸಿಎಂಎಸ್ ಪೋರ್ಟಲ್ ನೋಡಿಕೊಳ್ಳಿ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಬರೆಯಬೇಕು. ಅದರ ಅರ್ಜಿ ಪಿಯುಸಿ ಫಲಿತಾಂಶಕ್ಕೂ ಮುಂಚೆಯೇ ಮುಗಿದಿರುತ್ತದೆ ಎಂಬುದು ನಮ್ಮ ಮಕ್ಕಳಿಗೆ ಗೊತ್ತೇ ಆಗುವುದಿಲ್ಲ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಇದೆ.

ದುಡ್ಡಿನ ವಿಷಯದಲ್ಲಿ ನನ್ನ ಮಾತು ನೇರವಾಗಿದೆ. ಕನ್ನಡ ಸುದ್ದಿಮನೆಯಲ್ಲಿ ಶುರುವಿನ ಸಂಬಳ ಬಹಳ ಕಡಿಮೆ, ಮೊದಲ ಕೆಲವು ವರ್ಷ ಬೆಂಗಳೂರಿನ ಬಾಡಿಗೆಗೂ ಊಟಕ್ಕೂ ಸರಿಹೋಗುತ್ತದೆ. ಲಕ್ಷಗಟ್ಟಲೆ ಶಿಕ್ಷಣ ಸಾಲ ಮಾಡಿ ಬಂದವರು ಕಂತು ಕಟ್ಟುವ ಒತ್ತಡಕ್ಕೆ ಎರಡೇ ವರ್ಷದಲ್ಲಿ ಪಿಆರ್ ಕಂಪನಿಗೆ ಹೋಗುತ್ತಾರೆ. ಅವರನ್ನು ತಪ್ಪೆನ್ನುವಂತಿಲ್ಲ, ಆದರೆ ಬರೆಯುವ ಕೈಯೊಂದು ಕನ್ನಡಕ್ಕೆ ತಪ್ಪಿಹೋಯಿತಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕನ್ನಡದಲ್ಲೇ ದುಡಿಯುವವರು ಹತ್ತಿರದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಕಡಿಮೆ ಶುಲ್ಕಕ್ಕೆ ಓದಿ, ಉಳಿದ ದುಡ್ಡಿನಲ್ಲಿ ಒಳ್ಳೆಯ ಲ್ಯಾಪ್‌ಟಾಪ್, ಪುಸ್ತಕ, ಬಸ್ ಪಾಸ್ ಕೊಳ್ಳುವುದೇ ಸರಿ. ಅಲ್ಲಿ ತಿದ್ದುವ ಮೇಷ್ಟ್ರು ಒಬ್ಬರೇ ಇದ್ದರೂ ಸಾಕು, ಬೆನ್ನುಹತ್ತಿ ಅವರಿಂದ ಕಲಿಯಿರಿ.

ಸೀಟು ಖಾಯಂ ಮಾಡಿಕೊಳ್ಳುವ ಆತುರದಲ್ಲಿ ಮೂಲ ಅಂಕಪಟ್ಟಿಯನ್ನು ಕಾಲೇಜಿನ ಕೈಗೆ ಬಿಟ್ಟು ಬರಬೇಡಿ. ಪರಿಶೀಲಿಸಿ ಅಲ್ಲೇ ವಾಪಸು ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ ನಿಯಮವೇ ಹೇಳುತ್ತದೆ. ಪ್ರವೇಶ ರದ್ದು ಮಾಡಿದರೆ ಕಟ್ಟಿದ ಶುಲ್ಕ ಎಷ್ಟು ಮರಳುತ್ತದೆ ಎಂಬುದೂ ದಿನಾಂಕದ ಮೇಲೆ ನಿಂತಿದೆ. ಹಾಗಾಗಿ ವಿಭಾಗ ಸರಿಯಿಲ್ಲ ಎಂದು ಮೊದಲ ವಾರದಲ್ಲೇ ಅನಿಸಿದರೆ ತಡಮಾಡದೆ ಲಿಖಿತವಾಗಿ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ.